ಬಾವುಟಗುಡ್ಡೆಯ ಕಾಲೇಜಿನ ಕಥೆ ಹೇಳಲು ನೆರವಾದ ಎಲ್ಲರಿಗೂ

ನಮ್ಮ ಶಾಲೆಯ ಏಳನೇ ತರಗತಿ ಮಕ್ಕಳ ಪ್ರದರ್ಶನ ನಿನ್ನೆ ಮುಗಿಯಿತು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಕಟ್ಟಡದ ಕಥೆಯನ್ನು ಮಕ್ಕಳೇ ಕನ್ನಡದಲ್ಲಿ ಬರೆದರು, ಚಿತ್ರ ಬಿಡಿಸಿದರು, ಬಂದವರಿಗೆ ನಿಂತು ವಿವರಿಸಿದರು. ಆ ಮಳೆಯಲ್ಲೂ ಊರವರು ಕೊಡೆ ಹಿಡಿದುಕೊಂಡು ಬಂದರು. ಇದರ ಹಿಂದೆ ಎಷ್ಟು ಜನರ ಕೈ ಉಂಟು ಅಂತ ನನಗೆ ಗೊತ್ತು. ಅವರಿಗೆಲ್ಲ ಎಲ್ಲರೆದುರೇ ಧನ್ಯವಾದ ಹೇಳಬೇಕು.

ನಮ್ಮದು ಸರಕಾರಿ ಕನ್ನಡ ಶಾಲೆ. ಹಂಪನಕಟ್ಟೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಆ ಗುಡ್ಡೆಯನ್ನು ನೋಡದ ಮಕ್ಕಳಿಲ್ಲ. ಒಳಗೆ ಕಾಲಿಟ್ಟವರು ಮಾತ್ರ ಒಬ್ಬರೂ ಇರಲಿಲ್ಲ. "ನಮ್ಮನ್ನು ಬಿಡ್ತಾರಾ ಟೀಚರ್?" ಅಂತ ಒಬ್ಬಳು ಕೇಳಿದ್ದಳು. ಬಿಟ್ಟರು. ಬರೀ ಬಿಟ್ಟದ್ದಲ್ಲ, ಚಾಪೆಲ್‌ನಲ್ಲಿ, ಅಂದರೆ ಕಾಲೇಜಿನ ಪ್ರಾರ್ಥನಾ ಮಂದಿರದಲ್ಲಿ, ಇದ್ದವರು ಮೊದಲು ಕನ್ನಡದಲ್ಲಿ, ಆಮೇಲೆ ತುಳುವಿನಲ್ಲಿ, ಒಂದೊಂದು ಚಿತ್ರದ ಕೆಳಗೂ ನಿಲ್ಲಿಸಿ ಕಥೆ ಹೇಳಿದರು. ಮೊದಲ ಧನ್ಯವಾದ ಅವರಿಗೇ.

ಇಸವಿಗಳನ್ನೆಲ್ಲ ಹೊಂದಿಸಿಕೊಟ್ಟವರು ನಮ್ಮೂರಿನ ಒಬ್ಬರು ನಿವೃತ್ತ ಇತಿಹಾಸ ಮೇಷ್ಟ್ರು. 1878ರ ಡಿಸೆಂಬರ್ 31ಕ್ಕೆ ಇಟಲಿಯಿಂದ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಸಂಘದ ಪಾದ್ರಿಗಳು ಮಂಗಳೂರಿಗೆ ಬಂದರು. 1880ರ ಜನವರಿಯಲ್ಲಿ ಕಾಲೇಜು ಶುರುವಾಯಿತು. ಲೋಬೊ ಪ್ರಭು ಮನೆತನದವರು ಗುಡ್ಡೆಯ ಮೇಲೆ ಜಾಗ ದಾನ ಕೊಟ್ಟರು. 1885ರಲ್ಲಿ ಕಾಲೇಜು ಅಲ್ಲಿಗೆ ಏರಿತು. ಆಗ ಇದು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು. ಈಗ ತಾನೇ ವಿಶ್ವವಿದ್ಯಾಲಯ. ಅದೇ ಬಾವುಟಗುಡ್ಡೆಯಲ್ಲಿ 1837ರಲ್ಲಿ ರೈತರು ಬ್ರಿಟಿಷರ ವಿರುದ್ಧ ಬಾವುಟ ಹಾರಿಸಿದ್ದನ್ನೂ ಸೇರಿಸಿ ಅಂದವರು ಈ ಮೇಷ್ಟ್ರೇ. ಕಾಲೇಜಿಗಿಂತ ಮೊದಲೂ ಗುಡ್ಡೆಗೊಂದು ಕಥೆ ಇತ್ತಲ್ವಾ?

ಇಷ್ಟನ್ನು ಮಕ್ಕಳು ಬೇಗ ಬರೆದು ಮುಗಿಸಿದರು. ಅವರ ಮನಸ್ಸು ಸಿಕ್ಕಿಬಿದ್ದದ್ದು ಚಾಪೆಲ್‌ನ ಗೋಡೆಗಳಲ್ಲಿ. ಆಂಟೋನಿಯೊ ಮೊಸ್ಕೇನಿ ಅಂತ ಒಬ್ಬರು ಜೆಸ್ವಿಟ್ ಬ್ರದರ್. ಹುಟ್ಟಿದ್ದು 1854ರಲ್ಲಿ, ಇಟಲಿಯ ಬೆರ್ಗಮೊ ಪಕ್ಕದ ಸ್ಟೆಜಾನೊ ಎಂಬ ಊರಲ್ಲಿ. ಚಾಪೆಲ್‌ನ ಚಿತ್ರಗಳನ್ನು ಅವರು ಬರೆದು ಮುಗಿಸಿದ್ದು 1901ಕ್ಕೆ. ಗೋಡೆಯಲ್ಲಿರುವವು ಫ್ರೆಸ್ಕೊ, ಅಂದರೆ ಹಸಿ ಸುಣ್ಣದ ಗಾರೆಯ ಮೇಲೆ ಬಿಡಿಸಿದವು. ಮೇಲ್ಛಾವಣಿಯ ದೊಡ್ಡ ಚಿತ್ರಗಳು ಕ್ಯಾನ್ವಾಸ್ ಮೇಲಿನ ತೈಲವರ್ಣ. ಅದರಲ್ಲಿ ಸಂತ ಅಲೋಶಿಯಸರ ಬದುಕಿನ ಕಥೆ. ರೋಮ್‌ನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡಿ 23ನೇ ವಯಸ್ಸಿಗೇ ತೀರಿಹೋದವರು ಅವರು. ಕೊರೋನಾ ಕಂಡ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

"ಹಸಿ ಗೋಡೆಗೆ ಬಣ್ಣ ಹಚ್ಚಿದರೆ ಕರಗಿ ಹೋಗುವುದಿಲ್ವಾ?" ಅನ್ನುವ ಪ್ರಶ್ನೆಗೆ ನನ್ನಲ್ಲಿ ಪಾಠ ಇತ್ತು, ತೋರಿಸುವ ಕೈ ಇರಲಿಲ್ಲ. ಆ ಕೈ ಸಿಕ್ಕಿದ್ದು ನಮ್ಮ ವಿದ್ಯಾರ್ಥಿಯೊಬ್ಬನ ಅಜ್ಜನಲ್ಲಿ. ಜೀವಮಾನವಿಡೀ ಗಾರೆ ಕೆಲಸ ಮಾಡಿದವರು. ಮರುವಾಯಿ ಚಿಪ್ಪಿನ ಸುಣ್ಣ ತಂದು, ಮುಂಚೆಯೇ ನೀರಲ್ಲಿ ನೆನೆಹಾಕಿ, ಮರಳು ಕಲಸಿ, ಕೆಂಪುಕಲ್ಲಿನ ಮೇಲೆ ಕರಣೆಯಿಂದ ತೆಳ್ಳಗೆ ಎಳೆದರು. ಬೆರಳು ಒತ್ತಿ ನೋಡಿ, "ಈಗ ಬರೆಯಿರಿ" ಅಂದರು. ಮಕ್ಕಳು ಬರೀ ನೀರಲ್ಲಿ ಕಲಸಿದ ಕೆಮ್ಮಣ್ಣು ಅದ್ದಿ ಎಲೆ, ಹೂ ಬಿಡಿಸಿದರು. ಹಸಿ ಗಾರೆ ಬಣ್ಣವನ್ನು ಹೀರಿಕೊಂಡಿತು. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ, ಬಣ್ಣವೂ ಅದರೊಳಗೇ ಉಳಿಯುತ್ತದೆ. ಹಾಗಾಗಿ ಆ ದಿನ ಎಷ್ಟು ಬರೆಯಬಹುದೋ ಅಷ್ಟೇ ಜಾಗಕ್ಕೆ ಗಾರೆ ಮೆತ್ತಬೇಕು. ತಡವಾದರೆ ಗೋಡೆ ಬಣ್ಣ ಹಿಡಿಯುವುದಿಲ್ಲ. ಅದಾದ ಮೇಲೆ ಮಕ್ಕಳು ಮೊಸ್ಕೇನಿಯವರ ಹೆಸರು ಹೇಳುವ ದನಿಯೇ ಬೇರೆ. ಅಜ್ಜ ಕೂಲಿ ಕೊಡ್ತೇವೆ ಅಂದರೂ ಬೇಡ ಅಂದರು. ಅವರಿಗೆ ಕೈಮುಗಿಯುತ್ತೇನೆ.

ಆ ಗುಡ್ಡೆಗೆ ಕಲ್ಲು, ಹಂಚು, ಸುಣ್ಣ ಹೊತ್ತವರು, ಮೊಸ್ಕೇನಿಯವರಿಗೆ ಗಾರೆ ಕಲಸಿ ಕೊಟ್ಟವರು ನಮ್ಮ ಊರಿನವರೇ ತುಂಬಾ ಜನ ಇದ್ದಿರಬೇಕು. ಮಕ್ಕಳು ಅವರಿಗಾಗಿ ಒಂದು ಫಲಕವನ್ನು ಹೆಸರಿಲ್ಲದೆ ಬಿಟ್ಟರು. ಅದು ಪೂರಾ ಅವರದೇ ಯೋಚನೆ. ನನಗೆ ಎಲ್ಲಕ್ಕಿಂತ ಜಾಸ್ತಿ ಹೆಮ್ಮೆ ಅದರ ಬಗ್ಗೆ.

ಮೊಸ್ಕೇನಿಯವರು ಮತ್ತೆ ಊರಿಗೆ ಹೋಗಲಿಲ್ಲ. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಅವರ ಚಿತ್ರಗಳು ನಮ್ಮ ಮಳೆ, ಸೆಕೆ, ತೇವ ಎಲ್ಲ ತಡೆದುಕೊಂಡು ನಿಂತವು. 1990ರ ದಶಕದಲ್ಲಿ ಹಳೆಯ ಕಟ್ಟಡ, ಕಲೆಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆಯ ತಜ್ಞರು ಬಂದು ಜೋಪಾನವಾಗಿ ಸರಿಪಡಿಸಿದರು. ಅವರ ಕೆಲಸ ಇಲ್ಲದಿದ್ದರೆ ನಮ್ಮ ಮಕ್ಕಳಿಗೆ ಇಷ್ಟು ಚೆಂದ ಕಾಣುತ್ತಿರಲಿಲ್ಲ. ಅವರಿಗೂ ನಮ್ಮ ನಮಸ್ಕಾರ.

ಚಾಪೆಲ್ ಒಳಗೆ ಫೋಟೊ ತೆಗೆಯುವ ಹಾಗಿಲ್ಲ. ನೋಡಿದ್ದನ್ನು ಮನಸ್ಸಲ್ಲಿಟ್ಟುಕೊಂಡು ಬಂದು ಬರೆಯುವುದನ್ನು ಕಲಿಸಿದ ನಮ್ಮ ಚಿತ್ರಕಲಾ ಟೀಚರ್‌ಗೆ, ದಾರಿಯುದ್ದಕ್ಕೂ ಮಕ್ಕಳ ಗಲಾಟೆ ಸಹಿಸಿದ ಬಸ್ ಡ್ರೈವರ್ ಅಣ್ಣನಿಗೆ, ಶಾಲೆಯ ಜಗಲಿಗೆ ಟಾರ್ಪಾಲು ಕಟ್ಟಿಕೊಟ್ಟ ಹಳೆ ವಿದ್ಯಾರ್ಥಿಗಳಿಗೆ, ನಿನ್ನೆ ಕೊನೆಯವರು ಹೋಗುವವರೆಗೂ ಬಿಸಿ ಬಿಸಿ ಗಂಜಿ, ಚಟ್ನಿ ಬಡಿಸಿದ ಅಡುಗೆಯ ಅಕ್ಕಂದಿರಿಗೆ, ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಫಲಕಗಳು ಶಾಲೆಯಲ್ಲೇ ಉಂಟು. ಬೇರೆ ಶಾಲೆಯವರಿಗೆ ಬೇಕಾದರೆ ಸಂತೋಷದಿಂದ ಕೊಡುತ್ತೇವೆ, ವಿವರಿಸಲು ಮಕ್ಕಳೂ ತಯಾರಿದ್ದಾರೆ.