ಮಗಳಿಗೊಂದು ಪತ್ರ: ಅವತ್ತು ಮಂಜು ಇರಲಿಲ್ಲ

ಮಡಿಕೇರಿ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಕಾರಿನ ಫೋಟೋವನ್ನು ಅಪ್ಪ ಅಕ್ಕಪಕ್ಕದ ಮನೆಯವರಿಗೆಲ್ಲ ತೋರಿಸಿ ಬಂದರು. ಸೆಕೆಂಡ್ ಹ್ಯಾಂಡ್ ಅಂತ ಮಾತ್ರ ಯಾರಿಗೂ ಹೇಳಲಿಲ್ಲವಂತೆ. ಹುತ್ತರಿ ಹಬ್ಬಕ್ಕೆ ಮೈಸೂರಿನಿಂದ ನೀನೇ ಓಡಿಸಿಕೊಂಡು ಬರುತ್ತೇನೆ ಅಂದಿದ್ದೀಯ. ಕೇಳಿ ಖುಷಿಯಾಯ್ತು. ರಾತ್ರಿ ಮಾತ್ರ ನಿದ್ದೆ ಬರಲಿಲ್ಲ. ಫೋನಿನಲ್ಲಿ ಹೇಳಲು ಹೋದರೆ "ಸರಿ ಅಮ್ಮ, ಸರಿ ಅಮ್ಮ" ಅಂತ ಮುಗಿಸಿಬಿಡುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಿನ್ನ ಎಡ ಹುಬ್ಬಿನ ಮೇಲೆ ಒಂದು ಗೆರೆ ಇದೆಯಲ್ಲ, ಅದರ ಕತೆ ನಿನಗೆ ಗೊತ್ತು. ಚಿಕ್ಕವಳಿದ್ದಾಗ ಮಂಜಿನಲ್ಲಿ ದಾರಿ ಕಾಣದೆ ಕಾರು ಚರಂಡಿಗೆ ಇಳಿಯಿತು ಅಂತ. ಹಾಸ್ಟೆಲಿನ ಗೆಳತಿಯರಿಗೆ ನೀನು ಅದನ್ನೇ ಹೇಳುತ್ತಿದ್ದೆ, ಕೊಡಗಿನ ಮಂಜು ಅಂದರೆ ಏನಂದುಕೊಂಡಿದ್ದೀರಿ ಅಂತ ಸ್ವಲ್ಪ ಜಂಬದಿಂದ. ಪುಟ್ಟಿ, ಅವತ್ತು ಮಂಜು ಇರಲಿಲ್ಲ. ಆಕಾಶ ಶುಭ್ರವಾಗಿತ್ತು.

ನಿನಗಾಗ ನಾಲ್ಕು ವರ್ಷ. ವಿರಾಜಪೇಟೆಯಲ್ಲಿ ಮದುವೆ. ನಮ್ಮ ಕಡೆ ಮದುವೆ ಮನೆ ಹೇಗಿರುತ್ತದೆ ಅಂತ ನಿನಗೆ ಹೇಳಬೇಕಾಗಿಲ್ಲ. ಬೇಡ ಅಂದರೆ "ಯಾಕೆ, ನಮ್ಮದು ಸೇರಲ್ವಾ?" ಅನ್ನುತ್ತಾರೆ. ಅಪ್ಪ ಎರಡೇ ಪೆಗ್ ಅಂತ ಶುರು ಮಾಡಿದರು. ಹೊರಡುವಾಗ ಯಾರೋ ಇನ್ನೊಂದು ಕೊಟ್ಟರು. ಅದು ಬೀಳ್ಕೊಡುಗೆಯದ್ದಂತೆ, ಲೆಕ್ಕಕ್ಕಿಲ್ಲವಂತೆ. ಕೊನೆಗೆ ಒಬ್ಬರು ಸ್ಟ್ರಾಂಗ್ ಕಾಫಿ ತಂದುಕೊಟ್ಟು "ಇದು ಕುಡಿದ್ರೆ ಎಲ್ಲ ಇಳಿಯುತ್ತೆ" ಅಂದರು. ಕಾಫಿ ಬೆಳೆಯುವ ಊರಿನವಳು ಹೇಳುತ್ತಿದ್ದೇನೆ ಕೇಳು, ಕಾಫಿಯಿಂದ ನಿದ್ದೆ ಹೋಗಬಹುದು, ಅಮಲು ಹೋಗುವುದಿಲ್ಲ. ಮಜ್ಜಿಗೆ, ನಿಂಬೆಹಣ್ಣು, ತಣ್ಣೀರು ಸ್ನಾನ, ಇವೂ ಅಷ್ಟೇ. ಒಳಗೆ ಹೋಗಿದ್ದನ್ನು ಕರಗಿಸುವುದು ಲಿವರ್. ಅದು ಯಾರ ಅವಸರಕ್ಕೂ ಬಗ್ಗುವುದಿಲ್ಲ. ಒಂದು ಸಣ್ಣ ಪೆಗ್ಗಿಗೇ ಅದಕ್ಕೆ ಒಂದು ಗಂಟೆ, ಕೆಲವರಿಗೆ ಇನ್ನೂ ಜಾಸ್ತಿ ಬೇಕು. ರಾತ್ರಿ ತಡವಾಗಿ ಚೆನ್ನಾಗಿ ಕುಡಿದು ಮಲಗಿದವನು ಬೆಳಿಗ್ಗೆ ಎದ್ದು ಹೊರಟಾಗಲೂ ಅದು ಪೂರ್ತಿ ಇಳಿದಿರುವುದಿಲ್ಲ.

ಕಾರಿನ ಹತ್ತಿರ ಅಪ್ಪನ ಕೈಯಿಂದ ಕೀ ಎರಡು ಸಲ ಬಿತ್ತು. ಎರಡು ಸಲವೂ ಅದನ್ನು ಎತ್ತಿ ಅವರ ಕೈಗೆ ಕೊಟ್ಟವಳು ನಾನೇ.

ಇದನ್ನೇ ನಿನಗೆ ಹೇಳಬೇಕಾಗಿದ್ದದ್ದು. ನನಗೆ ಎಲ್ಲ ಕಾಣುತ್ತಿತ್ತು. ನಾಲ್ಕು ಜನರ ಎದುರು ಗಂಡನ ಕೈಯಿಂದ ಕೀ ಕಿತ್ತುಕೊಂಡಳು ಅಂತ ಆಗಬಾರದಿತ್ತು, ಅಷ್ಟೇ. ನಿನ್ನನ್ನು ತೊಡೆ ಮೇಲೆ ಮಲಗಿಸಿಕೊಂಡು ಮುಂದಿನ ಸೀಟಿನಲ್ಲಿ ಕೂತೆ. ಅದೂ ತಪ್ಪು ಅಂತ ಆಗ ಗೊತ್ತಿರಲಿಲ್ಲ. ಮೂರ್ನಾಡು ದಾಟಿದ ಮೇಲೆ ಒಂದು ತಿರುವು ಬಂತು. ರಸ್ತೆ ತಿರುಗಿತು, ಕಾರು ತಿರುಗಲಿಲ್ಲ. ಚರಂಡಿ ಹಾರಿ ತೋಟದ ಸಿಲ್ವರ್ ಮರಕ್ಕೆ ಗುದ್ದಿ ನಿಂತಿತು. ನಿನ್ನ ಹಣೆಗೆ ಮೂರು ಹೊಲಿಗೆ. ಆ ಮರ ಇರದಿದ್ದರೆ ಕೆಳಗೆ ಏನಿತ್ತು ಅಂತ ಮಾರನೇ ದಿನ ಬೆಳಕಿನಲ್ಲಿ ನೋಡಿ ಬಂದೆ. ಅದನ್ನು ಬರೆಯುವುದಿಲ್ಲ.

ತೋಟದ ಕೆಲಸದವರು ಇರುವ ಲೈನ್‌ಮನೆಯವರು ಟಾರ್ಚ್ ಹಿಡಿದು ಓಡಿ ಬಂದರು. ಒಬ್ಬ ಅಜ್ಜ "ಏನಾಯ್ತವ್ವ?" ಅಂದರು. ನಾನು "ಮಂಜು" ಅಂದೆ. ಅವರು ಒಮ್ಮೆ ತಲೆಯೆತ್ತಿ ನಕ್ಷತ್ರ ನೋಡಿದರು. ಮಾತಾಡಲಿಲ್ಲ.

ಅಪ್ಪನಿಗೆ ಹೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಬರಿ" ಅಂದು ಹಿತ್ತಲಿಗೆ ಹೋದರು. ಆ ರಾತ್ರಿಯ ನಂತರ ಗಾಡಿ ತೆಗೆದುಕೊಂಡು ಹೋದ ಕಡೆ ಅವರು ಒಂದು ಹನಿ ಮುಟ್ಟಿಲ್ಲ, ಅದು ನಿನಗೂ ಗೊತ್ತು. ಕಾನೂನಿನ ಲೆಕ್ಕ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್. ಅದು ದಾಟಿ ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಆದರೆ ಪುಟ್ಟಿ, ಮೂರ್ನಾಡಿನ ತಿರುವಿನಲ್ಲಿ ಆ ಹೊತ್ತಿಗೆ ಪೊಲೀಸರು ಎಲ್ಲಿರುತ್ತಾರೆ? ಏನಾದರೂ ಆದರೆ ಟೂರಿಸ್ಟ್ ಗಾಡಿಯವರನ್ನು ಬೈಯುವುದು ನಮಗೆ ರೂಢಿಯಾಗಿದೆ. ಅವತ್ತು ನಮ್ಮದು ಕೊಡಗಿನದೇ ಕೆಎ 12 ಗಾಡಿ ಆಗಿತ್ತು.

ಇನ್ನು ಫೋನಿನ ವಿಷಯ. ಇದರಲ್ಲಿಯೂ ತಪ್ಪು ನನ್ನದೇ. ನೀನು ಸ್ಕೂಟರ್‌ನಲ್ಲಿ ಹೋಗುವಾಗಲೇ "ಎಲ್ಲಿದ್ದೀಯ, ತಲುಪಿದೆಯಾ" ಅಂತ ನಾಲ್ಕು ಸಲ ಮಾಡುತ್ತಿದ್ದೆ. ಎತ್ತದಿದ್ದರೆ ಗಾಬರಿ, ಎತ್ತಿದರೆ ಸಮಾಧಾನ. ಎತ್ತುವುದೇ ಅಪಾಯ ಅಂತ ಹೊಳೆಯಲೇ ಇಲ್ಲ ನೋಡು. ನಮ್ಮ ಕಡೆ ದಾರಿಯಲ್ಲಿ ಸಿಗ್ನಲ್ ಹೋಗುತ್ತದೆ, ಬರುತ್ತದೆ. ಬಂದ ಕೂಡಲೇ ಅಷ್ಟು ಹೊತ್ತು ತಡೆದಿದ್ದ ಮೆಸೇಜೆಲ್ಲ ಒಟ್ಟಿಗೆ ಟಿಂಗ್ ಟಿಂಗ್ ಅಂತ ಸುರಿಯುತ್ತದೆ. ಕಣ್ಣು ತಾನಾಗಿಯೇ ಅತ್ತ ಹೋಗುತ್ತದೆ. 60 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಮೂರು ಸೆಕೆಂಡ್ ಫೋನ್ ನೋಡಿದರೆ 50 ಮೀಟರ್. ನಮ್ಮೂರ ರಸ್ತೆ 50 ಮೀಟರ್ ನೆಟ್ಟಗೆ ಇರುವುದು ಎಲ್ಲಿ ಹೇಳು? ಕುಶಾಲನಗರ ದಾಟಿದರೆ ಆನೆಕಾಡು. ಅಲ್ಲಿ ರಸ್ತೆ ದಾಟುವ ಆನೆ ಹಾರ್ನ್ ಕೇಳಿ ಪಕ್ಕಕ್ಕೆ ಸರಿಯುವ ಜಾತಿಯದಲ್ಲ.

ಬ್ಲೂಟೂತ್ ಇದೆ, ಕೈ ಖಾಲಿ ಇರುತ್ತದೆ ಅನ್ನಬೇಡ. ನಿನ್ನ ಜೊತೆ ಸ್ಪೀಕರ್ ಹಾಕಿ ಮಾತಾಡುತ್ತಾ ನಾನು ಎಷ್ಟು ಒಗ್ಗರಣೆ ಸೀಸಿದ್ದೇನೆ, ಆಗೆಲ್ಲ ನನ್ನ ಕೈ ಖಾಲಿಯೇ ಇತ್ತು.

ಹಾಗಾಗಿ ಒಂದು ಒಪ್ಪಂದ. ನೀನು ಹೊರಟೆ ಅಂತ ಮೆಸೇಜ್ ಹಾಕಿದ ಮೇಲೆ ನಾನು ಫೋನ್ ಮಾಡುವುದಿಲ್ಲ. ಅಭ್ಯಾಸಬಲದಿಂದ ಮಾಡಿದರೂ ನೀನು ಎತ್ತಬೇಡ. ಕುಶಾಲನಗರದಲ್ಲಿ ಗಾಡಿ ನಿಲ್ಲಿಸಿ, ಟೀ ಕುಡಿದು, ನೀನೇ ಮಾಡು. ಅಪ್ಪ ಹೇಳಿದ್ದನ್ನೂ ಸೇರಿಸುತ್ತೇನೆ: ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಬೇಡ, ಗೇರಿನಲ್ಲೇ ಇಳಿ, ಹತ್ತಿ ಬರುವ ಗಾಡಿಗೆ ದಾರಿ ಬಿಡು.

ಗೆಳೆಯರ ಜೊತೆ ಎಲ್ಲಾದರೂ ಹೋದಾಗ ಓಡಿಸುವವರು ಕುಡಿದಿದ್ದರೆ ಹತ್ತಬೇಡ. ನನ್ನ ಹಾಗೆ ಸುಮ್ನೆ ಕೂರಬೇಡ. ಎಷ್ಟು ಹೊತ್ತಿಗಾದರೂ ಫೋನ್ ಮಾಡು, ಅಪ್ಪ ಬರುತ್ತಾರೆ. ಎಲ್ಲಿಗೆ ಹೋಗಿದ್ದೆ, ಯಾರ ಜೊತೆ ಅಂತ ಕೇಳುವುದಿಲ್ಲ. (ಕೇಳುತ್ತೇನೆ. ಆದರೆ ಮಾರನೇ ದಿನ.)

ತಂಬಿಟ್ಟಿಗೆ ಬಾಳೆಗೊನೆ ಈಗಲೇ ಹೇಳಿಟ್ಟಿದ್ದೇನೆ. ಕದಿರು ತೆಗೆದ ಮೇಲೆ ಚಿಕ್ಕಪ್ಪನ ಮನೆಗೆ ಹೋಗಬೇಕು. ಅಲ್ಲಿ ಗ್ಲಾಸು ಬಂದೇ ಬರುತ್ತದೆ, ಈಗ ನೀನೂ ದೊಡ್ಡವಳು, ನಿನ್ನ ಕೈಗೂ ಒಂದು ಕೊಡುತ್ತಾರೆ. ಕಾರಿನ ಕೀ ನನ್ನ ಪರ್ಸಿನಲ್ಲಿರಲಿ. ಅರ್ಧ ಮೈಲಿ ತಾನೇ, ನಡೆದುಕೊಂಡೇ ಹೋಗೋಣ. ಹುತ್ತರಿ ಬೆಳದಿಂಗಳು ಇರುತ್ತದೆ.

ನಿನ್ನ
ಅಮ್ಮ