ಉದ್ಯಮಿ ಅಧ್ಯಕ್ಷರಾಗಲಿ, ಆದರೆ ಮೊದಲು ಅಫಿಡವಿಟ್ ಕೊಡಲಿ

ಕೇಂದ್ರ ಕ್ರೀಡಾ ಸಚಿವರಿಗೆ ನಮಸ್ಕಾರ.

ಸರ್, ನಾನು ಸಣ್ಣದೊಂದು ವರ್ಕ್‌ಶಾಪ್ ನಡೆಸುವವನು. ಒಂದು ಕಾಲದಲ್ಲಿ ಜಿಲ್ಲಾ ಮಟ್ಟದಲ್ಲಿ ಹಾಕಿ ಆಡಿದ್ದೆ, ಹೇಳಿಕೊಳ್ಳುವಷ್ಟೇನಿಲ್ಲ ಬಿಡಿ. ಯಾವುದಾದರೂ ಕ್ರೀಡಾ ಒಕ್ಕೂಟಕ್ಕೆ ಉದ್ಯಮಿಯೊಬ್ಬರು ಅಧ್ಯಕ್ಷರಾದರೆ ಸಾಕು, ನನ್ನ ಹಳೇ ಗೆಳೆಯರು 'ದುಡ್ಡಿದ್ದವರದ್ದೇ ಆಟ' ಎಂದು ಗೊಣಗುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ.

ಭಾರತದ ಕ್ರಿಕೆಟ್ ಮಂಡಳಿ (ಬಿಸಿಸಿಐ) ನಡೆಸಿದ ಜಗಮೋಹನ್ ದಾಲ್ಮಿಯಾ ಅವರನ್ನೇ ನೋಡಿ. ಮನೆಯದ್ದು ಕಟ್ಟಡ ಕಾಂಟ್ರಾಕ್ಟ್ ವ್ಯವಹಾರ. ಕೋಲ್ಕತ್ತದ ಕ್ಲಬ್‌ಗಳಲ್ಲಿ ವಿಕೆಟ್ ಕೀಪಿಂಗ್ ಮಾಡಿದ್ದು ಬಿಟ್ಟರೆ ದೊಡ್ಡ ಆಟಗಾರರೇನಲ್ಲ. ಆದರೆ ಒಂದು ಪಂದ್ಯಕ್ಕೆ ಎಷ್ಟು ಬೆಲೆ ಅನ್ನೋದು ಅವರಿಗೆ ಗೊತ್ತಿತ್ತು. ಆಗೆಲ್ಲ ಪಂದ್ಯ ತೋರಿಸೋಕೆ ದೂರದರ್ಶನವೇ ಕ್ರಿಕೆಟ್ ಮಂಡಳಿಯಿಂದ ದುಡ್ಡು ಕೇಳುತ್ತಿತ್ತು, ನಂಬ್ತೀರಾ? ಆ ಲೆಕ್ಕವನ್ನು ಉಲ್ಟಾ ಮಾಡಿದವರು ದಾಲ್ಮಿಯಾ ಮತ್ತು ಮಂಡಳಿಯಲ್ಲೇ ಇದ್ದ ಐ.ಎಸ್. ಬಿಂದ್ರಾ. ಜಗಳ ಸುಪ್ರೀಂ ಕೋರ್ಟ್ ಹತ್ತಿತು, ಪ್ರಸಾರದ ತರಂಗಗಳು ಸಾರ್ವಜನಿಕರ ಆಸ್ತಿ, ಸರ್ಕಾರದ ಏಕಸ್ವಾಮ್ಯವಲ್ಲ ಎಂದು 1995ರಲ್ಲಿ ತೀರ್ಪು ಬಂತು. ಎರಡೇ ವರ್ಷದಲ್ಲಿ ದಾಲ್ಮಿಯಾ ವಿಶ್ವ ಕ್ರಿಕೆಟ್ ನಡೆಸುವ ಐಸಿಸಿಗೆ ಅಧ್ಯಕ್ಷರಾದರು. ವ್ಯಾಪಾರದ ಬುದ್ಧಿ ಆಟಕ್ಕೆ ಬೇಕು ಸರ್.

ಇನ್ನೊಂದು ಕಥೆಯೂ ಇದೆ. 2008ರಲ್ಲಿ ಇಂಡಿಯಾ ಸಿಮೆಂಟ್ಸ್ ಚೆನ್ನೈನ ಐಪಿಎಲ್ ತಂಡ ಕೊಂಡಿತು. ಆ ಕಂಪನಿ ನಡೆಸುತ್ತಿದ್ದ ಎನ್. ಶ್ರೀನಿವಾಸನ್ ಆಗ ಬಿಸಿಸಿಐ ಪದಾಧಿಕಾರಿ. ಪದಾಧಿಕಾರಿಗಳು ಮಂಡಳಿಯ ಪಂದ್ಯಗಳಲ್ಲಿ ವ್ಯಾಪಾರದ ಪಾಲು ಇಟ್ಟುಕೊಳ್ಳಬಾರದು ಎಂಬ ನಿಯಮ ಇತ್ತು, ಅದನ್ನೇ ತಿದ್ದಿ ಐಪಿಎಲ್‌ಗೆ ವಿನಾಯಿತಿ ಕೊಟ್ಟರು. 2011ರಲ್ಲಿ ಅವರೇ ಅಧ್ಯಕ್ಷರು. ಕೊನೆಗೆ 2015ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿ, ವ್ಯಾಪಾರದ ಪಾಲು ಬಿಡುವ ತನಕ ಮಂಡಳಿ ಚುನಾವಣೆಗೆ ನಿಲ್ಲುವಂತಿಲ್ಲ ಎಂದಿತು. ಏಳು ವರ್ಷ ಬೇಕಾಯಿತು ನೋಡಿ, ಅದೂ ಕೋರ್ಟ್ ಹೇಳಿದ ಮೇಲೆ.

ನನ್ನ ವರ್ಕ್‌ಶಾಪಿಗೆ ಭಾವಮೈದನ ಅಂಗಡಿಯಿಂದಲೇ ಬೋಲ್ಟು ತರಿಸಿದರೆ ಯಾರೂ ಕೇಳುವಂತಿಲ್ಲ, ನಷ್ಟ ಆದರೂ ನನ್ನದೇ ದುಡ್ಡು. ಒಕ್ಕೂಟದ್ದು ಹಾಗಲ್ವಲ್ಲ. ಅಲ್ಲಿ ಜೆರ್ಸಿ ಮೇಲೆ ದೇಶದ ಹೆಸರು ಇರುತ್ತೆ. ಆ ಜೆರ್ಸಿ ಹೊಲಿದ ಕಂಪನಿ ಯಾರದ್ದು, ವಿಮಾನದ ಟಿಕೆಟ್ ಮಾಡಿಸಿದ ಏಜೆನ್ಸಿ ಯಾರದ್ದು, ಲೀಗ್‌ನಲ್ಲಿ ಯಾವ ತಂಡದ ಷೇರು ಯಾರ ಮನೆಯಲ್ಲಿದೆ ಅನ್ನೋದು ಆಡುವ ಹುಡುಗರಿಗಾದರೂ ಗೊತ್ತಿರಬೇಕು.

2025ರಲ್ಲಿ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ತಂದಿರಿ. ಒಕ್ಕೂಟಗಳ ಆಡಳಿತದಲ್ಲಿ ಆಟಗಾರರಿಗೂ ಮಹಿಳೆಯರಿಗೂ ಜಾಗ, ವ್ಯಾಜ್ಯಕ್ಕೆ ಪ್ರತ್ಯೇಕ ನ್ಯಾಯಮಂಡಳಿ. ಒಳ್ಳೇದೇ. ನಾನು ಕೇಳುವುದು ಒಂದೇ. ಲೋಕಸಭೆಗೆ ನಿಲ್ಲುವವರು ಆಸ್ತಿ, ಸಾಲ, ಕೇಸು ಎಲ್ಲ ಬರೆದು ಅಫಿಡವಿಟ್ ಕೊಡಬೇಕು ತಾನೆ? ನೀವೂ ಕೊಟ್ಟೇ ಬಂದವರು. ಒಕ್ಕೂಟದ ಚುನಾವಣೆಗೆ ನಿಲ್ಲುವವರೂ ನಾಮಪತ್ರದ ಜೊತೆ ತಮ್ಮ ಮತ್ತು ಮನೆಯವರ ಕಂಪನಿಗಳ ಪಟ್ಟಿ ಕೊಡಲಿ, ಮತದಾನಕ್ಕೆ ಮೊದಲೇ ಅದು ವೆಬ್‌ಸೈಟಿಗೆ ಬರಲಿ. ಗೆದ್ದ ಮೇಲೆ ಆ ಕಂಪನಿಗಳ ಮಾತು ಬಂದಾಗ ಅಧ್ಯಕ್ಷರು ಸಭೆಯಿಂದ ಎದ್ದು ಹೊರಗೆ ಹೋಗಲಿ.

ಇದಕ್ಕೆ ಒಂದು ಪುಟದ ಫಾರಂ ಸಾಕು ಸರ್. ಮಾದರಿ ಬೇಕಿದ್ದರೆ ನಾನೇ ಬರೆದು ಕಳಿಸುತ್ತೇನೆ.

ಇಂತಿ,
ಹಳೇ ಹಾಕಿ ಆಟಗಾರ