ಸೆಂಟ್ರಲ್ ಪಾರ್ಕಿನ ಮರದ ಕುದುರೆಗಳು

ಆತ್ಮೀಯ ಓದುಗರೇ,

1950ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಕ್ಯಾರೊಸೆಲ್, ಅಂದರೆ ಮರದ ಕುದುರೆಗಳ ಮೇಲೆ ಕೂರಿಸಿ ಗಿರಗಿರನೆ ಸುತ್ತಿಸುವ ಆಟ, ಬೆಂಕಿಗೆ ಆಹುತಿಯಾಯಿತು. 1924ರಲ್ಲೂ ಹೀಗೇ ಆಗಿತ್ತು. ಈ ಸಲ ಬದಲಿ ಹುಡುಕುತ್ತಾ ಹೋದವರಿಗೆ ನಗರದ ಕಡಲತೀರದ ಕೋನಿ ಐಲೆಂಡಿನಲ್ಲಿ, ಹಳೆಯ ಟ್ರಾಲಿ (ಟ್ರಾಮ್) ನಿಲ್ದಾಣವೊಂದರಲ್ಲಿ, ಕೇಳುವವರಿಲ್ಲದೆ ಬಿದ್ದಿದ್ದ ಇನ್ನೊಂದು ಕ್ಯಾರೊಸೆಲ್ ಸಿಕ್ಕಿತು. ಇವತ್ತು ನಮ್ಮ ಮಕ್ಕಳು ಹತ್ತಿ ಕೂರುವುದು ಅದರ ಮೇಲೆಯೇ.

ಅದನ್ನು 1908ರಲ್ಲಿ ಬ್ರೂಕ್ಲಿನ್‌ನಲ್ಲಿ ಮಾಡಿದವರು ಸಾಲೊಮನ್ ಸ್ಟೈನ್ ಮತ್ತು ಹ್ಯಾರಿ ಗೋಲ್ಡ್‌ಸ್ಟೈನ್. ಇಬ್ಬರೂ ರಷ್ಯಾ ಕಡೆಯಿಂದ ವಲಸೆ ಬಂದವರು. ಒಟ್ಟು 57 ಕುದುರೆ, ಎರಡು ರಥ, ಎಲ್ಲವೂ ಕೈಕೆತ್ತನೆ. ಹಲಗೆಗಳನ್ನು ಅಂಟಿಸಿ ಟೊಳ್ಳು ಮೈ ಮಾಡುತ್ತಿದ್ದರು. ತಲೆ, ಕಾಲುಗಳನ್ನು ಬೇರೆಯಾಗಿ ಕೆತ್ತಿ ಜೋಡಿಸುತ್ತಿದ್ದರು. ಇವರ ಕುದುರೆಗಳು ಗಾತ್ರದಲ್ಲೂ ದೊಡ್ಡವು, ಮುಖದಲ್ಲೂ ಒಂದು ರೋಷ. ಹಲ್ಲು ಕಾಣುವಂತೆ ತೆರೆದ ಬಾಯಿ, ಹಾರುವ ಕೇಸರ, ಜೀನಿನ ಪಕ್ಕ ದಪ್ಪ ದಪ್ಪ ಗುಲಾಬಿಗಳು. ಅಮೆರಿಕದ ಕ್ಯಾರೊಸೆಲ್‌ಗಳು ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಸುತ್ತುತ್ತವೆ. ಹಾಗಾಗಿ ನಿಂತು ನೋಡುವ ಜನರಿಗೆ ಕುದುರೆಯ ಬಲಮೈ ಕಾಣುತ್ತದೆ. ಕುಶಲಕರ್ಮಿಗಳು ತಮ್ಮ ಅಲಂಕಾರವನ್ನೆಲ್ಲ ಸುರಿದದ್ದು ಆ ಕಡೆಗೇ. ಎಡಮೈ ಸಾದಾ.

ಪಾರ್ಕಿನ ಮೊದಲ ಕ್ಯಾರೊಸೆಲ್ ಇನ್ನೂ ಹಳೆಯದು, 1871ರದು. ಅದನ್ನು ತಿರುಗಿಸುತ್ತಿದ್ದದ್ದು ಕೆಳಗಿನ ಗೂಡಿನಲ್ಲಿ ಕಟ್ಟಿದ್ದ ನಿಜವಾದ ಕುದುರೆ ಅಥವಾ ಹೇಸರಗತ್ತೆ. ಮೇಲೆ ನಿಂತು ನಡೆಸುವವನು ಕಾಲಿನಿಂದ ನೆಲ ತಟ್ಟಿದರೆ ಅದು ಹೊರಡಬೇಕು, ಮತ್ತೆ ತಟ್ಟಿದರೆ ನಿಲ್ಲಬೇಕು. ಮೇಲೆ ಮಕ್ಕಳ ಖುಷಿ, ಕೆಳಗೆ ಕತ್ತಲಲ್ಲಿ ದುಡಿಯುವ ಮೂಕಪ್ರಾಣಿ. ಪಾಪ ಅನಿಸುತ್ತದೆ, ಅಲ್ವಾ?

ಈಗಿನದು 1951ರಲ್ಲಿ ಪಾರ್ಕಿಗೆ ಬಂತು. ಅದು ಇಡಿಯಾಗಿ ಉಳಿದದ್ದೇ ದೊಡ್ಡ ಮಾತು. ಅಮೆರಿಕದ ಎಷ್ಟೋ ಹಳೆಯ ಕ್ಯಾರೊಸೆಲ್‌ಗಳನ್ನು ಬಿಚ್ಚಿ ಕುದುರೆಗಳನ್ನು ಬಿಡಿಬಿಡಿಯಾಗಿ ಹರಾಜು ಹಾಕಿದರು. ಕೊಂಡವರು ಅವುಗಳನ್ನು ಜೋಪಾನವಾಗಿಯೇ ಇಟ್ಟಿರಬಹುದು. ಆದರೆ ಮನೆಯ ಮೂಲೆಯಲ್ಲಿ ನಿಂತ ಕುದುರೆಗಿಂತ ಮಕ್ಕಳನ್ನು ಹೊತ್ತು ಓಡುವ ಕುದುರೆಯೇ ನನಗೆ ಇಷ್ಟ. ಇದನ್ನು ಮಾಡಿದವರು ಬಯಸಿದ್ದೂ ಅದನ್ನೇ ತಾನೇ?

ಪಾರ್ಕಿನ ದಕ್ಷಿಣ ಭಾಗದಲ್ಲಿ, 65ನೇ ಬೀದಿಯ ನೇರಕ್ಕೆ ಒಳಗೆ ನಡೆದರೆ ಸಿಗುತ್ತದೆ. ಟಿಕೆಟ್ ತೆಗೆದುಕೊಳ್ಳುವ ಮೊದಲು ಒಂದು ಸುತ್ತು ಸುಮ್ನೆ ಹೊರಗೆ ನಿಂತು, ಹೊರಸಾಲಿನ ಕುದುರೆಗಳನ್ನು ನೋಡಿ.